ಗೀರು ಬೀಳದ ಟ್ರಿಪ್ಪು

ಬೆಣ್ಣಿಹಳ್ಳದ ಸೇತುವೆ ದಾಟಿ ಗೇರು ಬದಲಿಸಿದನೋ ಇಲ್ಲವೋ, ಬಸ್ಸು ಮತ್ತೆ ಜರ್ಕ್ ಹೊಡೆಯಿತು. ರಸ್ತೆ ಇದ್ದಲ್ಲೇ ಗಕ್ಕನೆ ನಿಂತು, ಆಮೇಲೆ ಒಮ್ಮೆಲೇ ಹಾರಿ ಮುಂದೆ ಬಂತು. ಅಷ್ಟರಲ್ಲಿ ಬಸ್ಸಿನ ಎಡಮೂತಿ ಮೈಲಿಗಲ್ಲಿಗೆ ಬಡಿದು, ಟಿವಿಯ ಮೂಲೆಯಲ್ಲಿ ಕೆಂಪು ಅಕ್ಷರ ಮೂಡಿತು. ಮಡಿವಾಳೆಪ್ಪ ಸ್ಟೇರಿಂಗಿಗೆ ಗುದ್ದಿದ.

“ಇದರ ಹೆಣಾ ಎತ್ಲಿ! ಅಗದಿ ಟೈಮ್ ನೋಡಿ ನಿಂದರ್ತೈತಿ!”

“ಸಾವಕಾಶ ರೀ, ಅದು ಪ್ಲಾಸ್ಟಿಕ್ಕಿಂದು,” ಎಂದಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ನೀಲಕ್ಕ.

ಆ ಸೇತುವೆ ಬೆಣ್ಣಿಹಳ್ಳದ್ದಲ್ಲ, ರಸ್ತೆಯೂ ನವಲಗುಂದ ಸೀಮೆಯದಲ್ಲ. ಕಂಪ್ಯೂಟರಿನ ಬಸ್ ಆಟದೊಳಗೆ ಯಾರೋ ಎಲ್ಲಿಯದೋ ನಾಡನ್ನು ಕಟ್ಟಿಟ್ಟಿದ್ದರು. ಮಡಿವಾಳೆಪ್ಪ ಅದಕ್ಕೆ ತನಗೆ ಬೇಕಾದ ಹೆಸರು ಕೊಟ್ಟುಕೊಂಡಿದ್ದ. ಮೊದಲ ಸೇತುವೆ ಬೆಣ್ಣಿಹಳ್ಳ, ಕೆರೆಯ ದಂಡೆಯ ಊರು ಹೆಬಸೂರ, ಅದರಾಚೆಯ ಅಗಲ ತಿರುವು ಕುಸುಗಲ್, ಕೊನೆಯ ದೊಡ್ಡ ನಿಲ್ದಾಣ ಹುಬ್ಬಳ್ಳಿ. ನವಲಗುಂದ–ಹುಬ್ಬಳ್ಳಿ ಗಾಡಿಯ ಮೇಲೆ ಅರ್ಧ ಆಯುಷ್ಯ ಕಳೆದ ಡ್ರೈವರು ಬೇರೆ ಯಾವ ಹೆಸರು ಇಟ್ಟಾನು?

ಆ ಅರ್ಧ ಆಯುಷ್ಯದಲ್ಲಿ ಒಂದು ನಾಯಿಯ ಬಾಲವನ್ನೂ ತುಳಿದವನಲ್ಲ. ಮೊರಬದಲ್ಲಿ ರಾತ್ರಿ ತಂಗುವ ವಸ್ತಿ ಬಸ್ಸಿನಲ್ಲಿ ಅವನಿದ್ದರೆ ಬಸುರಿ ಹೆಣ್ಣುಮಕ್ಕಳನ್ನು ಧೈರ್ಯವಾಗಿ ಹತ್ತಿಸುತ್ತಿದ್ದರು. ಅಂಥವನನ್ನು ಹೋದ ವರ್ಷ ಕಣ್ಣಿನ ತಪಾಸಣೆಯಲ್ಲಿ ಒಂದು ಬೋಗುಣಿಯಂಥ ಯಂತ್ರಕ್ಕೆ ಮುಖ ಕೊಟ್ಟು ಕೂರಿಸಿದರು. ನಡುವಿನ ಚುಕ್ಕೆಯನ್ನೇ ನೋಡಬೇಕು, ಬದಿಯಲ್ಲಿ ದೀಪ ಮಿಣುಕಿದಾಗೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ಒತ್ತಿದ. ಡಾಕ್ಟರು ನೋಡಿ, ಕಣ್ಣಿನೊಳಗಿನ ಒತ್ತಡಕ್ಕೆ ನರ ಸೊರಗಿದೆ, ಎದುರಿನದು ಕಾಣುತ್ತದೆ, ಎಡಬದಿಯದು ಕಾಣುವುದಿಲ್ಲ, ದಿನಾ ಔಷಧದ ಹನಿ ಹಾಕಿಕೊಂಡರೆ ಇದ್ದಷ್ಟು ಉಳಿಯುತ್ತದೆ, ಗಾಡಿ ಓಡಿಸುವುದು ಸಾಕು ಎಂದರು. ಸ್ಟೇರಿಂಗು ಹೋಯಿತು, ಡಿಪೊದ ಟೈರ್ ಕೋಣೆಯ ಕೆಲಸ ಬಂತು.

ಮಡಿವಾಳೆಪ್ಪ ಒಪ್ಪಲಿಲ್ಲ. “ಗುಂಡೀನ ಸಡಲ ಇತ್ತು. ನಾ ಒತ್ತಿದ್ದು ಆ ಮಶೀನಿಗೆ ತಿಳೀಲೇ ಇಲ್ಲ,” ಎಂದು ಕಂಡಕಂಡವರ ಮುಂದೆ ಹೇಳಿದ. ಸಂತೆಯಲ್ಲಿ ಹೇಳಿದ, ಕ್ಷೌರಕ್ಕೆ ಕೂತಲ್ಲಿ ಹೇಳಿದ, ಕೇಳುವವರು ಇಲ್ಲದಾಗ ಟೈರುಗಳಿಗೆ ಹೇಳಿದ. ಸಿಟ್ಟು ಮೊದಲೇ ಮೂಗಿನ ಮೇಲೆ ಇದ್ದ ಮನುಷ್ಯ, ಈಗ ಅದು ಇಳಿಯುವುದನ್ನೇ ಬಿಟ್ಟಿತು.

ಕೊನೆಗೊಂದು ದಿನ ಹಳೆಯ ಜೊತೆಗಾರ, ಕಂಡಕ್ಟರ್ ಗುಲಾಮಹುಸೇನ, ಡಿಪೊದ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಎಷ್ಟನೆಯ ಸಲವೋ ಕೇಳಿ, ಒಂದು ಮಾತು ಕೊಟ್ಟುಬಿಟ್ಟ.

“ಮಡಿವಾಳೆಪ್ಪಣ್ಣ, ನಿಮ್ಮ ಮನ್ಯಾಗ ಆ ಬಸ್ಸಿನ ಆಟ ಐತೆಲ್ಲಾ, ಅದರಾಗ ನನ್ನ ಕಣ್ಣ ಮುಂದ ಒಂದ ಟ್ರಿಪ್ ಗೀರು ಬೀಳದಂಗ ಹುಬ್ಬಳ್ಳಿ ಮುಟ್ಟಸ್ರಿ. ಮತ್ತೊಮ್ಮೆ ತಪಾಸಣಿ ಮಾಡ್ರಿ ಅಂತ ನಾನ ಮ್ಯಾನೇಜರ್ ಸಾಹೇಬ್ರ ಮುಂದ ನಿಂತು ಕೇಳ್ತೀನಿ. ಆಗಲಿಲ್ಲಂದ್ರ ಈ ವಿಷಯಾ ಇಲ್ಲಿಗೆ ಬಿಡ್ರಿ.”

“ಬಿಟ್ಟೆ ತಗೋ! ಐತವಾರ ಬಾ,” ಎಂದ ಮಡಿವಾಳೆಪ್ಪ.

ಆ ಕಂಪ್ಯೂಟರು, ಸ್ಟೇರಿಂಗು, ಪೆಡಲು ಎಲ್ಲ ನೀಲಕ್ಕನ ಅಣ್ಣನ ಮಗ ಹೇಮಂತನವು. ನವಲಗುಂದದಲ್ಲಿ ಕಂಪ್ಯೂಟರ್ ಆಟದ ಅಂಗಡಿ ತೆಗೆದಿದ್ದ, ನಡೆಯಲಿಲ್ಲ, ಬಾಗಿಲು ಹಾಕಿ ಸೋಲಾರ್ ಪಂಪಿನ ಕೆಲಸಕ್ಕೆ ಹೋದ. ಮುಚ್ಚಿದ ಅಂಗಡಿಯಲ್ಲಿ ಬಹಳ ಕಾಲ ಧೂಳು ತಿಂದ ಸಾಮಾನು ಮಾವನ ಮನೆಗೆ ಬಂತು. ಮಾವ ಅದನ್ನು ಗೋಡೆಯ ಟಿವಿಗೆ ಜೋಡಿಸಿಕೊಂಡು, ಖುರ್ಚಿಯನ್ನು ಟಿವಿಯ ಹತ್ತಿರಕ್ಕೇ ಎಳೆದು ಕೂತ. ಆದರೆ ಊರು ಬಂದರೆ ಸಾಕು, ಮನೆ, ಮರ, ಜನ, ಗಾಡಿ ಎಲ್ಲ ಒಟ್ಟಿಗೆ ಕಾಣಬೇಕಾದಲ್ಲಿ ಆಟ ಜರ್ಕ್ ಹೊಡೆಯುತ್ತಿತ್ತು. ಜರ್ಕಿನೊಳಗೆ ಏನಾದರೂ ಬಡಿಯುತ್ತಿತ್ತು. ಬಡಿದಾಗಲೆಲ್ಲ ಅವನು ಆಟವನ್ನು ಬೈದು, ಮತ್ತೆ ನವಲಗುಂದದಿಂದ ಹೊರಡುತ್ತಿದ್ದ.

“ಕುಣ್ಯಾಕ ಬರದಾಕಿ ನೆಲಾ ಡೊಂಕು ಅಂದಳಂತ,” ಎಂದಳು ನೀಲಕ್ಕ ಒಂದು ಸಲ, ತಮಾಷೆಗೆ. ಅವನು ಆ ಹೊತ್ತು ಊಟ ಬಿಟ್ಟ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ.

ಬಜಾರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಇಸ್ರಾರ್, ಮಡಿವಾಳೆಪ್ಪ ಹೊತ್ತು ತಂದ ಕಂಪ್ಯೂಟರಿನ ಡಬ್ಬಿಯನ್ನು ಬಿಚ್ಚಿ ನೋಡಿ ನಕ್ಕ. “ಕಾಕಾ, ಚಿತ್ರಾ ಮೂಡಸೂ ಗ್ರಾಫಿಕ್ಸ್ ಕಾರ್ಡ್ ಭೇಷ್ ಐತಿ. ಮದರ್‌ಬೋರ್ಡಿನ್ಯಾಗ ಒಂದ ಸೆಟ್ಟಿಂಗ್ ಬಂದ್ ಐತಿ, ಅಷ್ಟ. ರೀಸೈಜೇಬಲ್ ಬಾರ್ ಅಂತಾರ ಅದಕ್ಕ.”

“ಅಂದ್ರ?”

“ತುಂಬಿದ ಬಸ್ಸು ನಿಲ್ಲಿಸಿ ಬಾಗಲಾ ಅರ್ಧ ತಗದು ಒಬ್ಬೊಬ್ಬರನ್ನ ಇಳಿಸಿದ್ರ ಹೆಂಗ ಆಗ್ತೈತಿ? ಈಗ ಹಂಗ ನಡದೈತಿ. ಕಾರ್ಡಿನ ಮೆಮೊರಿ ದೊಡ್ಡದೈತಿ, ಪ್ರೊಸೆಸರ್ ಅದನ್ನ ಸಣ್ಣ ಸಂದ್ಯಾಗಿಂದ ಚೂರು ಚೂರು ನೋಡಾಕತ್ತೈತಿ. ಇದನ್ನ ಚಾಲೂ ಮಾಡಿದ್ರ ಪೂರಾ ಬಾಗಲಾ ತಗದಂಗ.”

ಇಸ್ರಾರ್ ಕಂಪ್ಯೂಟರು ಎದ್ದೇಳುವಾಗಲೇ ಒಂದು ಕೀಲಿ ಒತ್ತಿ ಬಯಾಸ್ ಎಂಬ ನೀಲಿ ಪರದೆಗೆ ಹೋದ. ಅಲ್ಲಿ ಎರಡು ಕಡೆ ಒತ್ತಿ, ಉಳಿಸಿ, ಹೊರಗೆ ಬಂದ. ಅಂಗಡಿಯಲ್ಲೇ ಆಟ ಹಾಕಿ ತೋರಿಸಿದ. ಬಸ್ಸು ಎಣ್ಣೆ ಸವರಿದ ಹಾಗೆ ಓಡಿತು. ಮಡಿವಾಳೆಪ್ಪನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಡಬ್ಬಿಯನ್ನು ಮಗುವಿನಂತೆ ಎತ್ತಿಕೊಂಡು ಮನೆಗೆ ಬಂದು, ಜೋಡಿಸಿ, ಹೊರಟ. ಬೆಣ್ಣಿಹಳ್ಳದಲ್ಲಿ ಜರ್ಕ್. ಹೆಬಸೂರಿನಲ್ಲಿ ಜರ್ಕ್. ಗೂಡಂಗಡಿಯ ತಗಡಿಗೆ ಬಸ್ಸು ಉಜ್ಜಿತು.

ಮರುದಿನ ಡಬ್ಬಿ ಮತ್ತೆ ಬಜಾರಕ್ಕೆ ಹೋಯಿತು. ಇಸ್ರಾರ್ ನೀಲಿ ಪರದೆ ತೆಗೆದು ನೋಡಿ ಹುಬ್ಬೇರಿಸಿದ. “ಬಂದ್ ಐತೆಲ್ರಿ. ನೀವೇನರ ಮುಟ್ಟೀರೇನು?”

“ನಾ ಯಾಕ ಮುಟ್ಲಿ? ಮುಟ್ಟಾಕ ಬರ್ತಿದ್ರ ನಿನ್ನ ಕಡೆ ಯಾಕ ಬರ್ತಿದ್ದೆ?”

ಇಸ್ರಾರ್ ಮತ್ತೆ ಚಾಲೂ ಮಾಡಿಕೊಟ್ಟ. ಮನೆಗೆ ಬಂದರೆ ಮತ್ತೆ ಅದೇ ರಾಗ, ಅದೇ ಹಾಡು. ಮೂರನೆಯ ಸಲ ಡಬ್ಬಿ ಹೊತ್ತುಕೊಂಡು ಹೋದಾಗ ಬಜಾರದವರು ಕೇಳುವಷ್ಟು ಜಗಳವಾಯಿತು. “ನಿನ್ನ ಅಂಗಡ್ಯಾಗ ಅಷ್ಟ ಓಡೂ ಹಂಗ ಏನ ಮಾಟಾ ಮಾಡೀದಿ?” ಎಂದು ಇವನು. “ಹಂಗಾರ ಬ್ಯಾರೆ ಕಡೆ ತೋರಸ್ರಿ,” ಎಂದು ಅವನು. ಬೇರೆ ಕಡೆ ಎಲ್ಲಿದೆ? ಹಳೇ ಗಂಡನ ಪಾದವೇ ಗತಿ ಎಂದು ಮಡಿವಾಳೆಪ್ಪ ಅಂಗಡಿಯ ಸ್ಟೂಲಿನ ಮೇಲೆ ಕೂತು ಎರಡು ಕೈಯಲ್ಲೂ ತಲೆ ಹಿಡಿದುಕೊಂಡ. ಐತವಾರ ಹತ್ತಿರ ಬಂದಿತ್ತು. ಕಣ್ಣಿನ ಯಂತ್ರ ಮೋಸ ಮಾಡಿತು, ಈಗ ಈ ಯಂತ್ರವೂ ಅದರ ಜೊತೆ ಸೇರಿಕೊಂಡಿದೆ ಎಂದು ಅವನಿಗೆ ನಿಜಕ್ಕೂ ಅನಿಸಿತು. ಜಗತ್ತಿನಲ್ಲಿ ವೈರು ಇರುವ ಪ್ರತಿಯೊಂದರ ಮೇಲೂ ಹೇಸಿಗೆ ಬಂತು.

ಅವನು ಕೂತ ರೀತಿ ನೋಡಿ ಇಸ್ರಾರನ ಸಿಟ್ಟು ಇಳಿಯಿತು. ಅಂಗಡಿಯ ಬಾಗಿಲು ಅರ್ಧ ಎಳೆದು ಅವನ ಜೊತೆಗೆ ಮನೆಗೇ ಬಂದ. ನೀಲಿ ಪರದೆ ತೆಗೆದು ಅಲ್ಲಿಯೇ ಚಾಲೂ ಮಾಡಿದ. ಬಸ್ಸು ಚೆನ್ನಾಗಿ ಓಡಿತು. “ನೋಡ್ರಿ ಮತ್ತ,” ಎಂದ. ನೀಲಕ್ಕ ಚಹಾ ತಂದಳು. ಮಡಿವಾಳೆಪ್ಪ ಆಟ ಮುಗಿಸಿ, ಕಂಪ್ಯೂಟರು ಬಂದ್ ಮಾಡಿ, ಎದ್ದು ಹೋಗಿ ಗೋಡೆಯ ಸ್ವಿಚ್ಚು ಆರಿಸಿ, ಪ್ಲಗ್ಗನ್ನೂ ಕಿತ್ತು, ವೈರು ಸುತ್ತಿ ಇಟ್ಟು ಬಂದು ಚಹಾ ಕುಡಿದ. ಕುಡಿದು ಮತ್ತೆ ಚಾಲೂ ಮಾಡಿದರೆ, ಜರ್ಕ್.

ಇಸ್ರಾರ್ ಕಪ್ಪು ಕೆಳಗಿಟ್ಟ. “ಕಾಕಾ, ಪ್ಲಗ್ ಯಾಕ ಕಿತ್ರಿ?”

“ಗಾಡಿ ನಿಲ್ಲಿಸಿದ ಮ್ಯಾಲೆ ಬ್ಯಾಟರಿ ಬಂದ್ ಮಾಡಬೇಕೋ ಬ್ಯಾಡೋ? ಮೊರಬದಾಗ ವಸ್ತಿ ನಿಲ್ಲಿಸಿದ್ರ ಮೊದಲ ಆ ಸ್ವಿಚ್ ತಗದನ ನಾ ಕೆಳಗ ಇಳೀತಿದ್ದೆ. ಇಲ್ಲಂದ್ರ ಮುಂಜಾನೆ ಗಾಡಿ ನೂಕಬೇಕಾಗತೈತಿ. ಎಂದರ ನನ್ನ ಗಾಡಿ ಮಂದಿ ನೂಕ್ಯಾರೇನು ಕೇಳು.”

ಇಸ್ರಾರ್ ಹಣೆ ಬಡಿದುಕೊಂಡ. ಮದರ್‌ಬೋರ್ಡಿನ ಮೇಲೆ ಕೋಟಿನ ಗುಂಡಿಯಷ್ಟು ದೊಡ್ಡದೊಂದು ಸೆಲ್ಲು ಇರುತ್ತದೆ. ಕರೆಂಟು ಇಲ್ಲದಾಗ ಸೆಟ್ಟಿಂಗನ್ನು ನೆನಪಿಡುವುದು ಅದರ ಕೆಲಸ. ಹೇಮಂತನ ಮುಚ್ಚಿದ ಅಂಗಡಿಯಲ್ಲಿ ಬಿದ್ದು ಬಿದ್ದು ಅದು ಎಂದೋ ಸತ್ತಿತ್ತು. ಪ್ಲಗ್ಗು ಕಿತ್ತರೆ ಸಾಕು, ಬೋರ್ಡು ಎಲ್ಲ ಮರೆತು ಮೊದಲಿನಂತಾಗುತ್ತಿತ್ತು. ಅಂಗಡಿಯಿಂದ ಮನೆಗೆ ಹೊತ್ತು ತರುವಷ್ಟರಲ್ಲೇ ಮರೆಯುತ್ತಿತ್ತು. “ನಾ ಮೊದಲ ದಿನಾನ ನೋಡಬೇಕಿತ್ತು,” ಎಂದು ಅವನು ತನ್ನನ್ನೇ ಬೈದುಕೊಂಡು, ಹೊಸ ಸೆಲ್ಲು ತಂದು ಕೂರಿಸಿ, ಸೆಟ್ಟಿಂಗು ಹಾಕಿ, ಪ್ಲಗ್ಗು ಕಿತ್ತು, ಮತ್ತೆ ಚುಚ್ಚಿ ತೋರಿಸಿದ. ಈ ಸಲ ಬೋರ್ಡು ಮರೆಯಲಿಲ್ಲ.

ಐತವಾರ ಮಧ್ಯಾಹ್ನ ಊಟ ಮುಗಿಸಿ ಗುಲಾಮಹುಸೇನ ಬಂದ. ಮಡಿವಾಳೆಪ್ಪ ಖಾಕಿ ಅಂಗಿ ಹಾಕಿಕೊಂಡು ಕೂತಿದ್ದ. ಅದನ್ನು ನೋಡಿ ಗುಲಾಮಹುಸೇನ ನಗಲಿಲ್ಲ, ಸ್ಟೂಲು ಎಳೆದುಕೊಂಡು ಅವನ ಎಡಕ್ಕೆ ಕೂತು, “ರೈಟ್” ಎಂದ.

ಬಸ್ಸು ಹೊರಟಿತು. ಬೆಣ್ಣಿಹಳ್ಳ ದಾಟಿತು, ಜರ್ಕಿಲ್ಲ. ಹೆಬಸೂರಿನ ಸಂತೆ, ಜನ, ಎತ್ತಿನ ಗಾಡಿ, ಎಲ್ಲದರ ನಡುವೆ ಹಾಲಿನಲ್ಲಿ ಚಮಚ ತಿರುಗಿಸಿದಷ್ಟು ನಯವಾಗಿ ಹೋಯಿತು. ಮಡಿವಾಳೆಪ್ಪನ ಭುಜ ಸಡಿಲವಾಯಿತು. ಒಂದು ವರ್ಷದಿಂದ ಬಿಗಿದಿದ್ದ ದವಡೆಯೂ ಸಡಿಲವಾಯಿತು. “ನೋಡಾಕತ್ತೀಯಿಲ್ಲೋ?” ಎಂದ. “ನೋಡಾಕತ್ತೀನಣ್ಣ.” “ಒಂದ ಗೀರಿಲ್ಲ.” “ಇಲ್ಲ.” ಕುಸುಗಲ್ ತಿರುವಿಗೆ ಬಂದ. ರಸ್ತೆ ಅವನ ಕಣ್ಣ ಮುಂದೆ ಖಾಲಿಯಾಗಿ, ಸ್ವಚ್ಛವಾಗಿ ಹಾಸಿಕೊಂಡಿತ್ತು. ಇನ್ನೇನು ಹುಬ್ಬಳ್ಳಿ.

“ಹೋಲ್ಡಾನ್! ಹೋಲ್ಡಾನ್!” ಗುಲಾಮಹುಸೇನ ಕೂಗಿದ.

ಮಡಿವಾಳೆಪ್ಪನ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಅದಕ್ಕಿಂತ ಮೊದಲೇ ಧಡ್ ಎಂದು ಸದ್ದಾಯಿತು. ಬಸ್ಸಿನ ಎಡ ಚಕ್ರದ ಹತ್ತಿರ ಒಂದು ಬೈಕು ಬಿದ್ದಿತ್ತು. ಅವನು ಪೂರ್ತಿ ಕುತ್ತಿಗೆ ತಿರುಗಿಸಿ ನೋಡಿದಾಗ ಅದು ಅವನಿಗೆ ಕಂಡಿತು.

ಸ್ಟೇರಿಂಗಿನಿಂದ ಕೈ ತೆಗೆದ.

“ಜರ್ಕ್ ಹೊಡೀತೇನು?” ಎಂದು ಕೇಳಿದ ಮಡಿವಾಳೆಪ್ಪ.

“ಇಲ್ಲಣ್ಣ.”

“ಎಲ್ಲಿಂದ ಬಂದಾ ಆ ಮಗಾ? ಒಮ್ಮಿಂದೊಮ್ಮೆಲೆ?”

“ಎಡಕ್ಕಿನ ಹೊಲದ ದಾರೀಲಿಂದ. ಭಾಳೊತ್ತಿನಿಂದ ಬರಾಕತ್ತಿದ್ದ. ನೀವು ಈಗ ಬ್ರೇಕ್ ಹಾಕ್ತೀರಿ, ಈಗ ಹಾಕ್ತೀರಿ ಅಂತ ನಾ ಸುಮ್ಮನ ಕುಂತಿದ್ದೆ.”

ಮಡಿವಾಳೆಪ್ಪ ಪರದೆಯನ್ನು ನೋಡಿದ. ಎಲ್ಲ ಸರಿಯಾಗಿ ನಡೆಯುತ್ತಿತ್ತು. ಮರದ ಎಲೆಗಳು ಕೂಡ ನಿಲ್ಲದೆ ಅಲುಗಾಡುತ್ತಿದ್ದವು.

“ಕಡೀ ವರ್ಷ ನಾ ಟಿಕೇಟ್ ಮುಗಿಸಿ ಮುಂದಿನ ಬಾಗಲದಾಗ ನಿಂತ ಬರ್ತಿದ್ದೆ,” ಎಂದ ಗುಲಾಮಹುಸೇನ, ನೆಲ ನೋಡುತ್ತ. “ನೆನಪೈತೇನು?”

“ಗಾಳಿಗೆ ನಿಂತಿರ್ತಿದ್ದಿ.”

“ಗಾಳಿಗಲ್ಲಣ್ಣ.”

ಎಡಕ್ಕೆ ಸೈಕಲ್ ಐತಿ, ಎಡಕ್ಕೆ ದನಾ ಬಂತು, ಸಾವಕಾಶ ಹೋಗೂಣು ಎಂದು ಅವನು ಬಾಗಿಲಲ್ಲಿ ನಿಂತು ಹಾಡಿನಂತೆ ಹೇಳುತ್ತಿದ್ದುದು ಮಡಿವಾಳೆಪ್ಪನಿಗೆ ಈಗ ಒಂದೊಂದಾಗಿ ಕೇಳಿಸಿತು. ಆಗ ಅದನ್ನು ಗುಲಾಮನ ಬಾಯಿಚಪಲ ಎಂದುಕೊಂಡಿದ್ದ.

“ಹೇಳಬೇಕಿತ್ತಲೋ ನನಗ!” ಎಂದು ಗದರಿದ.

“ಹೇಳಿದ್ದೆ. ನೀವು ಕನ್ನಡಿ ಸರಿ ಇಲ್ಲ ಅಂತ ಡಿಪೊದಾಗ ಜಗಳಾ ತಗದ್ರಿ. ಹೊಸ ಕನ್ನಡಿ ಹಾಕಿಸಿದ್ರಿ.”

ಬೈಯಲು ಮಡಿವಾಳೆಪ್ಪ ಬಾಯಿ ತೆರೆದ. ಯಾರನ್ನು ಬೈಯಬೇಕೆಂದು ಹೊಳೆಯಲಿಲ್ಲ. ಚಹಾದ ಕಪ್ಪು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ ನೀಲಕ್ಕನನ್ನು, ಕುತ್ತಿಗೆ ಪೂರ್ತಿ ತಿರುಗಿಸಿ, ಬಹಳ ಹೊತ್ತು ನೋಡಿದ. ಆಮೇಲೆ ಪ್ಯಾಂಟಿನ ಕಿಸೆಯಿಂದ ತನ್ನ ಮೋಟರ್‌ಸೈಕಲ್ಲಿನ ಕೀಲಿ ತೆಗೆದು ಗುಲಾಮಹುಸೇನನ ಅಂಗೈಯಲ್ಲಿ ಇಟ್ಟು, ಬೆರಳು ಮಡಚಿದ.

“ನಿನ್ನಿ ಇಕೀನ್ನ ಹಿಂದ ಕುಂಡ್ರಿಸಿಕೊಂಡು ಮೊರಬಕ್ಕ ಹೋಗಿ ಬಂದೀನಲ್ಲೋ, ಗುಲಾಮ್,” ಎಂದ.