ತಮ್ಮ ರಕ್ತವನ್ನೇ ಅಳತೆಗಿಟ್ಟವರು

ಅವರ ಎಡಗೈಯ ಉಂಗುರದ ಬೆರಳಿನ ತುದಿ ಜರಡಿಯಂತಿತ್ತು. ಸೂಜಿ ಚುಚ್ಚಿ ಚುಚ್ಚಿ ಅಲ್ಲಿಯ ಚರ್ಮ ಜಡ್ಡುಗಟ್ಟಿ, ಕಪ್ಪು ಚುಕ್ಕೆಗಳು ಉಳಿದಿದ್ದವು. ಅರವತ್ತರ ದಶಕದಲ್ಲಿ ನಾನು ನರ್ಸಾಗಿ ಸೇರಿದ ತೀರ್ಥಹಳ್ಳಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆ ಅವರ ಕೆಲಸ. ನಾವೆಲ್ಲ ಲ್ಯಾಬ್ ಸರ್ ಎನ್ನುತ್ತಿದ್ದೆವು.

ಏಳೂಮುಕ್ಕಾಲಿಗೆ ಬಾಗಿಲು ತೆಗೆಯುವರು. ಗಾಜಿನ ನಳಿಗೆಗಳನ್ನು ತೊಳೆದು, ಒರೆಸಿ, ಸಾಲಾಗಿ ನಿಲ್ಲಿಸುವ ತನಕ ಯಾರ ಜೊತೆಗೂ ಮಾತಿಲ್ಲ. ನಾನು ಹಾಸ್ಟೆಲಿನ ಗಂಟೆಗೆ ಎದ್ದು ಗಂಟೆಗೆ ಮಲಗಿ ಬೆಳೆದವಳು. ಅವರ ಶಿಸ್ತು ಉಳಿದವರಿಗೆ ಕಿರಿಕಿರಿಯಾದರೆ ನನಗೆ ನೆಮ್ಮದಿ. ಅಕ್ಷರ ದುಂಡಗಿದೆಯೆಂದು ತಮ್ಮ ನೋಟುಬುಕ್ಕು ಬರೆಯಲು ನನ್ನನ್ನೇ ಕರೆದರು.

ಅದು ಆಸ್ಪತ್ರೆಯ ಪುಸ್ತಕವಲ್ಲ, ಅವರ ಸ್ವಂತದ್ದು. ಭಾನುವಾರ ಬಸ್ಸು ಹಿಡಿದು ಕೋಣಂದೂರು, ಮಂಡಗದ್ದೆ, ಹೊಸನಗರದ ಕಡೆಗೆ ಹೋಗಿ, ಎಂಬತ್ತು ದಾಟಿದವರನ್ನು ಹುಡುಕಿ ಅವರ ರಕ್ತ ನೋಡುವುದು ಲ್ಯಾಬ್ ಸರ್ ಹಂಬಲ. ಅವರ ಊರು ಸಾಗರ. ಕಾರಣವನ್ನು ಒಮ್ಮೆ ಮಾತ್ರ ಹೇಳಿದರು: "ನಮ್ಮನೇಲಿ ಐವತ್ತು ಕಂಡ ಗಂಡಸಿಲ್ಲ ಸಿಸ್ಟರ್. ಅಪ್ಪ ಇಲ್ಲ, ಅಣ್ಣಂದಿರಿಲ್ಲ. ಈ ಮುದುಕರ ರಕ್ತದಲ್ಲಿ ಅಂಥಾದ್ದು ಏನಿದೆ ಅಂತ ನೋಡ್ಬೇಕು." ಆಗ ಅವರಿಗೆ ನಲವತ್ತೇಳು.

ಹಿರಿಯರ ರಕ್ತದ ಸಣ್ಣ ಅಣುಗಳನ್ನು ನೋಡಿ ಅವರ ಆಯಸ್ಸನ್ನು ಅಂದಾಜು ಮಾಡಬಹುದೆಂದು ಈಗ ಪತ್ರಿಕೆಯಲ್ಲಿ ಓದುತ್ತೇನೆ. ಲ್ಯಾಬ್ ಸರ್ ಬಳಿ ಇದ್ದದ್ದು ಒಂದು ಸೂಜಿ, ಎರಡು ನಳಿಗೆ, ಒಂದು ಕಂದು ಗಾಜು. ಬೆರಳಿನ ಒಂದು ಹನಿ ರಕ್ತವನ್ನು ನಳಿಗೆಯ ಆಸಿಡ್‌ಗೆ ಬಿಟ್ಟು, ಹತ್ತು ನಿಮಿಷ ಕಾದು, ಬಣ್ಣ ಆ ಕಂದು ಗಾಜಿಗೆ ಹೊಂದುವ ತನಕ ಹನಿಹನಿಯಾಗಿ ನೀರು ಬೆರೆಸುವರು. ರಕ್ತ ಗಟ್ಟಿಯಿದ್ದರೆ ನೀರು ಹೆಚ್ಚು ಬೇಕು, ತೆಳುವಾಗಿದ್ದರೆ ಸ್ವಲ್ಪವೇ ಸಾಕು. ನೀರು ನಿಂತ ಮಟ್ಟದ ಅಂಕಿಯನ್ನು ಅವರು ಹೇಳುವರು, ನಾನು ಬರೆಯುವೆ. ಆಮೇಲೇ ಮನೆಯವರು ಕೊಟ್ಟ ಕಾಫಿ ಮುಟ್ಟುವುದು.

ಮಂಡಗದ್ದೆಯ ಅಜ್ಜನೊಬ್ಬ ಕೈ ಹಿಂದಕ್ಕೆಳೆದುಕೊಂಡು, "ನನ್ನ ರಕ್ತ ಬೇಕಾದ್ರೆ ಒಳಗೆ ಅವಳ ಹತ್ರ ಕೇಳು. ಅರವತ್ತು ವರ್ಷದಿಂದ ಅವಳೇ ಹೀರ್ತಿರೋದು" ಎಂದಿದ್ದ. ಒಳಗಿನಿಂದ, "ಹೀರಕ್ಕೆ ಅದ್ರಲ್ಲಿ ಎಂತ ಇತ್ತು?" ಎಂಬ ಉತ್ತರ ಬಂತು. ಕೊನೆಗೆ ಅಜ್ಜ ಬೆರಳು ಕೊಟ್ಟ ಮೇಲೆ ಲ್ಯಾಬ್ ಸರ್ ನಗುತ್ತ ನಳಿಗೆಯನ್ನು ಬೆಳಕಿಗೆ ಹಿಡಿದು, "ಇದೆ ಅಮ್ಮ, ಬೇಕಾದಷ್ಟಿದೆ" ಎಂದರು.

ಕೋಣಂದೂರಿನ ಅಜ್ಜಿ ಮಾತ್ರ ನಗುವವಳಲ್ಲ. ಸುತ್ತಿನ ಊರುಗಳಲ್ಲಿ ಸೂಲಗಿತ್ತಿಯಾಗಿದ್ದವಳು, ತೊಂಬತ್ತರ ಹತ್ತಿರ.

"ಒಂದು ಹನಿ ಅಂದ್ರೆ ಒಂದು ದಿನದ ಆಯಸ್ಸು ಮಾರಾಯ. ನಂದು ಉಳ್ದಿರೋದೇ ನಾಕು ದಿನ. ಕೊಡಕ್ಕಾಗ್ದು."

"ಹಂಗಾದ್ರೆ ನಂದೊಂದು ದಿನ ನೀವು ಇಟ್ಕೊಳ್ಳಿ" ಎಂದು ಅವರು ತಮ್ಮ ಬೆರಳಿಗೇ ಮೊದಲು ಚುಚ್ಚಿಕೊಂಡರು. ಅಜ್ಜಿ ಆ ಹನಿಯನ್ನು ನೋಡಿ ಕೈ ಚಾಚಿದಳು.

ಅಂದಿನಿಂದ ಪ್ರತಿ ಮನೆಯಲ್ಲೂ ಅದೇ ಪದ್ಧತಿಯಾಯಿತು. ನೋಟುಬುಕ್ಕಿನಲ್ಲಿ ಗೆರೆ ಎಳೆದು ಎರಡನೆಯ ಕಾಲಂ ಮಾಡಿದೆ: ಮೊದಲು ಹಿರಿಯರ ಅಂಕಿ, ಪಕ್ಕದಲ್ಲಿ ಲ್ಯಾಬ್ ಸರ್ ಅವರದು. "ಒಳ್ಳೇದೇ ಆಯ್ತು, ಹೋಲಿಸಕ್ಕೆ ಒಂದು ರಕ್ತ ಬೇಕಿತ್ತು" ಎಂದರು.

ಒಂದು ವರ್ಷ ಎರಡೂ ಕಾಲಮ್ಮುಗಳು ಹತ್ತಿರ ಹತ್ತಿರ ನಡೆದವು. ಆಮೇಲೆ ಲ್ಯಾಬ್ ಸರ್ ನಳಿಗೆಗೆ ಕಡಿಮೆ ನೀರೇ ಸಾಕಾಗತೊಡಗಿತು. ಒಮ್ಮೆ ಅಂಕಿ ಕೇಳಿ ನಾನು ಪೆನ್ನು ಎತ್ತಿ ಅವರತ್ತ ನೋಡಿದೆ. "ಅಂಕಿ ಬರೆಯೋವಾಗ ಮುಖ ನೋಡಬಾರದು ಸಿಸ್ಟರ್. ಬರೀರಿ" ಎಂದರು. ಬರೆದೆ.

ಮತ್ತೆ ಕೋಣಂದೂರಿಗೆ ಹೋದಾಗ ಅಜ್ಜಿ ತನ್ನ ಬೆರಳು ಕೊಡುವ ಬದಲು ಅವರು ಬೆರಳೊರೆಸಿದ ಹತ್ತಿಯನ್ನು ಕೇಳಿ ತೆಗೆದುಕೊಂಡಳು. ಬಾಗಿಲ ಬೆಳಕಿಗೆ ಒಯ್ದು ನೋಡಿದಳು.

"ಇದೆಂತ ಬಣ್ಣ ಮಾರಾಯ? ಹೆತ್ತು ರಕ್ತ ಹೋದ ಹೆಂಗಸ್ರಲ್ಲಿ ಕಂಡಿದ್ದೆ ನಾನು ಇದನ್ನ. ಮುದುಕ್ರ ಮನೆ ಸುತ್ತೋದು ಬಿಟ್ಟು ಡಾಕ್ಟ್ರಿಗೆ ತೋರ್ಸು."

ಅವರು ನಳಿಗೆಗಳನ್ನು ಒರೆಸಿ ಒಳಗಿಟ್ಟರು. ಬಸ್ಸಿನಲ್ಲಿ ನಾನೇ ಬಾಯಿ ಬಿಟ್ಟೆ: "ಡಾಕ್ಟರಿಗೆ ಹೇಳೋಣ ಸರ್."

"ಹೇಳಿದ್ರೆ ನಾಳೆನೇ ಮಲಗಿಸ್ತಾರೆ. ಹೊಸನಗರದ ಕಡೆ ಇನ್ನೂ ಆರು ಮನೆ ಇದೆ."

"ಅವರು ಎಂಬತ್ತು ವರ್ಷ ಕಾದಿದ್ದಾರೆ, ಇನ್ನೂ ಕಾಯ್ತಾರೆ."

ಅವರು ನಕ್ಕರು. "ಅವರು ಕಾಯ್ತಾರೆ. ಆರು ಮನೆ ಮುಗೀಲಿ, ನಾನೇ ಹೇಳ್ತೀನಿ. ನೀವು ಹೇಳಬೇಡಿ."

ನಾನು ಹೇಳಲಿಲ್ಲ. ಹಿರಿಯರು ಬೇಡವೆಂದದ್ದನ್ನು ಮಾಡಿ ನನಗೆ ಅಭ್ಯಾಸವಿರಲಿಲ್ಲ. ವಾರ್ಡಿನಲ್ಲಿ ದಿನಕ್ಕೆರಡು ಸಲ ಡಾಕ್ಟರ ಎದುರು ನಿಲ್ಲುತ್ತಿದ್ದೆ, ರೋಗಿಗಳ ಜ್ವರ, ನಾಡಿ ಒಪ್ಪಿಸಿ ಬರುತ್ತಿದ್ದೆ. ಆರು ಭಾನುವಾರ, ಆರು ಮನೆ. ಪ್ರತಿ ಸಲವೂ ಗೆರೆ ನೇರವಾಗಿ ಎಳೆದು, ದುಂಡಗೆ ಬರೆದೆ.

ಏಳನೆಯ ವಾರ ಅವರು ಲ್ಯಾಬಿನ ಮೆಟ್ಟಿಲಲ್ಲಿ ಕುಸಿದು ಕುಳಿತರು. ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಕೆಲವು ತಿಂಗಳ ಮೊದಲು ಬಂದಿದ್ದರೆ ಏನಾದರೂ ಮಾಡಬಹುದಿತ್ತೋ ಏನೋ ಎಂದು ಅಲ್ಲಿಯವರು ಹೇಳಿದರಂತೆ. ಹದಿನೆಂಟು ದಿನ ಬದುಕಿದ್ದರು. ಐವತ್ತಾಗಲಿಲ್ಲ.

ಮುದುಕರ ರಕ್ತದಲ್ಲಿ ಏನಿತ್ತೆಂಬುದು ಅವರಿಗೆ ತಿಳಿಯಲೇ ಇಲ್ಲ. ನನಗೆ ಇಂದು ಎಂಬತ್ತಮೂರು. ಅವರು ಹುಡುಕಿ ಹೋಗುತ್ತಿದ್ದವರ ಸಾಲಿಗೆ ನಾನೂ ಸೇರಿದ್ದೇನೆ. ನಳಿಗೆ ತೊಳೆಯುವುದನ್ನು, ನೋಡಿದ್ದನ್ನು ಇದ್ದಂತೆ ಬರೆಯುವುದನ್ನು ಕಲಿಸಿದವರು ಅವರೇ. ಬರೆದ ಮೇಲೆ ಒಬ್ಬರಿಗೆ ಹೇಳಬೇಕೆಂಬುದನ್ನು ನಾನೇ ಕಲಿಯಬೇಕಾಗಿತ್ತು.

ಅವರು ತೀರಿಕೊಂಡ ಮರುವಾರ ಡಾಕ್ಟರು ಲ್ಯಾಬಿನ ಮೇಜಿನಿಂದ ಆ ನೋಟುಬುಕ್ಕು ತರಿಸಿಕೊಂಡರು. ನಿಂತೇ ಪುಟ ತಿರುವಿದರು. ಎರಡನೆಯ ಕಾಲಮ್ಮಿನ ಮೇಲೆ ಬೆರಳಿಟ್ಟು, ಕೆಳಗೆ ಇಳಿಸುತ್ತ ಇಳಿಸುತ್ತ ಕೊನೆಯ ಅಂಕಿಗೆ ಬಂದು ನಿಂತರು.

"ಇದು ಯಾರ ಅಕ್ಷರ?"

"ನನ್ನದು ಸರ್."

ಅವರು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, ಹೊರಗೆ ಕುಳಿತಿದ್ದ ಮುಂದಿನ ರೋಗಿಯನ್ನು ಕರೆಯಲು ಹೇಳಿದರು.