ನೂರು ಸಲ ಎಸೆದ ಹುಣಸೆ ಬೀಜ

ಬೆಳಗಿನ ಐದೂವರೆ. ಬಾಗಲಗುಂಟೆಯ ಮಹಡಿ ಕೋಣೆಯೊಂದರಲ್ಲಿ ನಲವತ್ತೇಳರ ಸೀತಾಲಕ್ಷ್ಮಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಕಂಪ್ಯೂಟರಿನ ಕ್ಯಾಮೆರಾ ಎದುರು ಒಂಟಿಕಾಲಲ್ಲಿ ಕುಂಟುತ್ತಿದ್ದಾರೆ. ನಾಣ್ಯ ಚಿಮ್ಮಿ ಹೆಡ್ ಬಿದ್ದರೆ ಬಲಕ್ಕೊಂದು ನೆಗೆತ, ಟೇಲ್ ಬಿದ್ದರೆ ಎಡಕ್ಕೆ. ಹತ್ತು ನೆಗೆತವಾದ ಮೇಲೆ ಮೇಡಂ ಎಲ್ಲಿ ನಿಲ್ಲುತ್ತಾರೆಂದು ಮೂವತ್ತೊಂದು ಮಂದಿ ತಮ್ಮ ತಮ್ಮ ಮನೆಗಳಿಂದಲೇ ಊಹಿಸಿ ಬರೆಯುತ್ತಾರೆ. ಏಳಕ್ಕೆ ಅವರೆಲ್ಲ ಪೀಣ್ಯದ ಕಾರ್ಖಾನೆಗಳಲ್ಲಿರಬೇಕು. ಅಷ್ಟರೊಳಗೆ ಸಂಭವನೀಯತೆಯ ಒಂದು ಪಾಠ ಮುಗಿದಿರುತ್ತದೆ.

ಇದು ವಿಶ್ವವಿದ್ಯಾಲಯವೊಂದರ ದೂರಶಿಕ್ಷಣ ಕೇಂದ್ರ. ವಾರವಿಡೀ ಆನ್‌ಲೈನ್ ತರಗತಿ, ಭಾನುವಾರ ಮುಖಾಮುಖಿ. ಸೀತಾಲಕ್ಷ್ಮಿ ಇಲ್ಲಿ ಹನ್ನೆರಡು ವರ್ಷಗಳಿಂದ ಗುತ್ತಿಗೆ ಉಪನ್ಯಾಸಕಿ. ಪಠ್ಯಕ್ರಮದಲ್ಲಿ ಆಟಕ್ಕೆ ಜಾಗವಿಲ್ಲವೆಂದು ಮೇಲಿನಿಂದ ಎರಡು ಸಲ ಪತ್ರ ಬಂದಿದೆ. ಅವರು ಅದಕ್ಕೆ ಸೊಪ್ಪು ಹಾಕಿಲ್ಲ.

"ತಪ್ಪಾಗ್ಬಾರ್ದು ಅಂತ ದಿನವಿಡೀ ಮಿಷನ್ ಮುಂದೆ ನಿಂತಿರ್ತಾರೆ ಸಾರ್. ಇಲ್ಲಾದ್ರೂ ಆರಾಮಾಗಿ ತಪ್ಪು ಮಾಡ್ಲಿ," ಎನ್ನುತ್ತಾರೆ.

ಹೋದ ವರ್ಷ, ಅಂದರೆ ೨೦೧೩ರಲ್ಲಿ, ಅವರೊಂದು ಮನೆಗೆಲಸ ಕೊಟ್ಟಿದ್ದರು. ಚೌಕಾಬಾರಕ್ಕೆ ಉಜ್ಜುವಂತೆ ಹುಣಸೆ ಬೀಜದ ಒಂದು ಮಗ್ಗುಲನ್ನು ಬಿಳಿ ಬರುವಂತೆ ಉಜ್ಜಿ, ನೂರು ಸಲ ಎಸೆದು, ಬಿಳಿ ಎಷ್ಟು ಸಲ ಮೇಲೆ ಬಿತ್ತೆಂದು ತರಗತಿಯ ಆನ್‌ಲೈನ್ ಪುಟದಲ್ಲಿ ಬರೆಯಬೇಕು. ಮೂವತ್ತು ಜನ ಸರಿಯಾಗಿ ಐವತ್ತು ಎಂದು ಬರೆದರು. ರಾಜಗೋಪಾಲನಗರದ ದೇವಕ್ಕ ಮಾತ್ರ ಅರವತ್ತಮೂರು. ಬಿಡಿಭಾಗಗಳ ತಪಾಸಣೆ ಮಾಡುವ ಈ ಹೆಣ್ಣುಮಗಳು ಮೂವತ್ತೆಂಟನೇ ವಯಸ್ಸಿಗೆ ಓದಲು ಬಂದವರು. ಮರುದಿನವೇ ಫೋನ್ ಮಾಡಿದರು.

"ಎಲ್ರಿಗೂ ಐವತ್ತು ಬಂದೈತೆ ಮೇಡಂ. ನಂಗೊಬ್ಳಿಗೇ ಬರ್ಲಿಲ್ಲ. ಓದು ನನ್ನಂಥೋಳಿಗಲ್ಲ ಬಿಡಿ. ನಾಳೆಯಿಂದ ಬರಲ್ಲ."

ಸೀತಾಲಕ್ಷ್ಮಿ ಬಿಡಲಿಲ್ಲ. ಭಾನುವಾರ ಒಂದೇ ಒಂದು ಸಲ ಬನ್ನಿ, ಅದೇ ಬೀಜ ತನ್ನಿ ಎಂದು ಅಂಗಲಾಚಿದರು. ದೇವಕ್ಕ ಬಂದರು. ಎಲ್ಲರೆದುರು ಸೀತಾಲಕ್ಷ್ಮಿಯೇ ಆ ಬೀಜವನ್ನು ನೂರು ಸಲ ಎಸೆದರು. ಬಿಳಿ ಬಿದ್ದದ್ದು ಅರವತ್ತೊಂದು ಸಲ. ಉಜ್ಜಿದ ಮಗ್ಗುಲು ಚಪ್ಪಟೆಯಾಗಿ ಬೀಜ ಒಂದು ಕಡೆಗೆ ವಾಲುತ್ತಿತ್ತು. ಮಿಕ್ಕವರು ತಲೆ ತಗ್ಗಿಸಿ ಒಬ್ಬೊಬ್ಬರಾಗಿ ಒಪ್ಪಿಕೊಂಡರು. ಯಾರೂ ಎಸೆದೇ ಇರಲಿಲ್ಲ. ಬರಬೇಕಾದ ಅಂಕಿಯನ್ನೇ ಹಾಳೆಯಲ್ಲಿ ತುಂಬಿಸುವುದು ಅವರಿಗೆ ಕೆಲಸದಲ್ಲೇ ರೂಢಿಯಾಗಿಬಿಟ್ಟಿತ್ತು. ದೇವಕ್ಕ ಕಣ್ಣೊರೆಸಿಕೊಂಡು, ಬೀಜ ವಾಪಸ್ ಕೊಡಿ ಎಂದು ಕೈ ಚಾಚಿದರು.

ದೇವಕ್ಕ ಈಗ ಎರಡನೇ ವರ್ಷದಲ್ಲಿದ್ದಾರೆ. ಒಂದು ದಿನವೂ ತರಗತಿ ತಪ್ಪಿಸುವುದಿಲ್ಲ. ನಿಮ್ಮದೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಸೀತಾಲಕ್ಷ್ಮಿ ಆ ಭಾನುವಾರದ ಮಾತಿಗೇ ಮರಳುತ್ತಾರೆ.

"ಅವತ್ತು ಒಂದು ಮಾತು ಹೇಳ್ಬೇಕಿತ್ತು, ಬಾಯಿ ಬರ್ಲಿಲ್ಲ. ಮನೆಗೆಲಸ ಕೊಡೋಕೆ ಮುಂಚೆ ನಾನೂ ಎಸೆದಿರ್ಲಿಲ್ಲ ಸಾರ್. ಉತ್ತರ ಐವತ್ತು ಅಂತ ಮೊದ್ಲೇ ಬರ್ದಿಟ್ಕೊಂಡಿದ್ದೆ. ಇದನ್ನೂ ಹಾಕಿ. ದೇವಕ್ಕ ಪೇಪರ್ ಓದ್ತಾರೆ."