ಅಮ್ಮ ಕೂರುತ್ತಿದ್ದ ಪೆಟ್ಟಿಗೆ

ಇವತ್ತು ಹಿತ್ತಾಳೆ ದೀಪಕ್ಕೆ ಹುಣಸೆಹುಳಿ ಹಚ್ಚಿ ಉಜ್ಜುವಾಗ ಅಪ್ಪನ ಕತ್ತಿಗಳ ವಾಸನೆ ಬಂತು. ಅಪ್ಪ ಜಾದೂಗಾರ. ಕತ್ತಿಗಳ ಹಿತ್ತಾಳೆ ಹಿಡಿ ಉಜ್ಜುತ್ತಿದ್ದವಳೂ ಅಮ್ಮನೇ, ಪೆಟ್ಟಿಗೆಯೊಳಗೆ ಮುದುಡಿ ಕೂರುತ್ತಿದ್ದವಳೂ ಅಮ್ಮನೇ. ಅಪ್ಪ ಮೊದಲು ಪೆಟ್ಟಿಗೆ ತಟ್ಟುತ್ತಿದ್ದ. ತಟ್ಟಿದ ಕಡೆಯಿಂದ ಅವಳು ಸರಿದ ಮೇಲೆ ಅಲ್ಲಿ ಕತ್ತಿ ಚುಚ್ಚುತ್ತಿದ್ದ.

ಒಮ್ಮೆ ಗಂಡಸಿ ಎಂಬ ಊರಿನಲ್ಲಿ ಸಾಹುಕಾರನೊಬ್ಬ ವೇದಿಕೆ ಹತ್ತಿ, "ಕತ್ತಿ ಕೊಡ್ಲಾ ಇಲ್ಲಿ, ದಿಟವೋ ಸುಳ್ಳೋ ನೋಡ್ತೀನಿ" ಎಂದು ಕಿತ್ತುಕೊಂಡು, ತಟ್ಟದೆ ಚುಚ್ಚಿಬಿಟ್ಟ. ಅದು ಅಮ್ಮನ ತೊಡೆಗೆ ನಾಟಿತು. ಪೆಟ್ಟಿಗೆಯ ತಳದಿಂದ ರಕ್ತ ಸೋರಿತು. ಜನ ಬಣ್ಣವೆಂದುಕೊಂಡು ಚಪ್ಪಾಳೆ ಹೊಡೆದರು. ಅಪ್ಪ ಉಳಿದ ಮೂರು ಕತ್ತಿಗಳನ್ನೂ ತಟ್ಟಿ ತಟ್ಟಿ ಚುಚ್ಚಿದ.

ಪರದೆಯ ಹಿಂದೆ ಅಮ್ಮ ಅಪ್ಪನ ಕೆನ್ನೆಗೆ ಬಾರಿಸಿದಳು. "ನಿಲ್ಸಕ್ಕಾಗ್ಲಿಲ್ವಾ ನಿಂಗೆ?"

"ಜನ ಚಪ್ಪಾಳೆ ಹೊಡೀತಿದ್ರು ಕಣೇ."

ಸಾಹುಕಾರನನ್ನು ನಾನು ಕ್ಷಮಿಸಿದ್ದೇನೆ, ತೀರಿಹೋದ ಅಪ್ಪನನ್ನಲ್ಲ. ಈಗಷ್ಟೇ ಕೊರಿಯರ್‌ನವನು ಬಾಗಿಲು ತಟ್ಟಿದ. ಸೋಫಾ ಮೇಲೆ ಕೂತಿದ್ದ ಅಮ್ಮ ಥಟ್ಟನೆ ಕಾಲು ಎಳೆದುಕೊಂಡಳು.